ಪರೀಕ್ಷೆ ಮಾವನ ಮನೆಯಲ್ಲಿ

ಕಣ್ಣು ಬಿಟ್ಟಾಗ ಪಾಠ ಮುಗಿದುಹೋಗಿತ್ತು. ಕಂಬಕ್ಕೆ ಒರಗಿದ್ದ ಕಾಂತೇಶಯ್ಯ ಗಡಬಡಿಸಿ ನೆಟ್ಟಗೆ ಕುಳಿತ. ಜೊತೆಗೆ ಕಲಿಯುವ ಹದಿನಾಲ್ಕು ಹದಿನೈದರ ಹುಡುಗರು ಚಾಪೆ ಸುತ್ತಿಟ್ಟು ನಾಷ್ಟಾಕ್ಕೆ ಹೋಗಿದ್ದರು. ಮಠದ ಪಡಸಾಲೆಯಲ್ಲಿ ಉಳಿದಿದ್ದವರು ಪಾಠ ಹೇಳುವ ಪಂಚಾಕ್ಷರ ಶಾಸ್ತ್ರಿಗಳು ಒಬ್ಬರೇ. ಕನ್ನಡಕ ಒರೆಸುತ್ತ, ಇವನನ್ನು ನೋಡಿಯೂ ನೋಡದ ಹಾಗೆ ಕೂತಿದ್ದರು.

ಕೊಟ್ಟೂರಿನ ಆ ಸಣ್ಣ ಮಠದ ಪಾಠಶಾಲೆಗೆ ಅವನು ಸೇರಿ ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ತಾರು, ಅಲ್ಲಿ ಮದುವೆಯಾದವನು ಅವನೊಬ್ಬನೇ. ಅವನದು ಅಯ್ಯನವರ ಮನೆತನ. ಅಪ್ಪನಿಗೆ ಕಣ್ಣು ಕಾಣದಾದ ಮೇಲೆ ಭಕ್ತರ ಮನೆಗಳ ಮದುವೆಗೆ, ಸತ್ತವರ ಮಣ್ಣಿಗೆ ಹೋಗುವವರು ಬೇಕಾಗಿದ್ದರು. ಹೋಗಲು ಮಂತ್ರ ಬರಬೇಕಿತ್ತು. ಹೊಟ್ಟೆಪಾಡಿಗೆ ಓಬಳೇಶಪ್ಪನ ಹಿಟ್ಟಿನ ಗಿರಣಿಯ ಕೆಲಸವಿತ್ತು. ಗಿರಣಿ ತಿರುಗುವುದು ತ್ರೀಫೇಸ್ ಕರೆಂಟು ಬಂದಾಗ. ಕರೆಂಟು ಒಂದು ವಾರ ಹಗಲು ಬಂದರೆ ಮತ್ತೊಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಜೋಳ ಬೀಸಿ ಮುಗಿಸಿ, ತಣ್ಣೀರು ಸುರಿದುಕೊಂಡು, ಐದೂವರೆಗೆ ರುದ್ರ ಹೇಳಲು ಬಂದು ಕೂರುತ್ತಿದ್ದ. ಒಮ್ಮೆ ಸ್ನಾನಕ್ಕೂ ಹೊತ್ತಾಗದೆ, ಹಣೆಗೆ ವಿಭೂತಿಯನ್ನೂ ಹಚ್ಚಿಕೊಳ್ಳದೆ ಓಡಿಬಂದಿದ್ದ. ಯಾರಿಗೂ ಗೊತ್ತಾಗಲಿಲ್ಲ. ಮುಖದ ತುಂಬ ಹಿಟ್ಟಿತ್ತು.

ಈ ಎರಡರ ನಡುವೆ ಹೆಂಡತಿ ನಾಗಲಿಂಗಮ್ಮ ಇದ್ದಳು. ಬಸುರಿಯಾಗಿ ಹಿರೇಹಡಗಲಿಯ ತವರಿಗೆ ಹೋದವಳಿಗೆ ಹಿಂದಿನ ವಾರ ಏಳನೇ ತಿಂಗಳ ಕುಬಸ ಮಾಡಿದ್ದರು. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟು ಅವಳು ಕೂತಿದ್ದಾಗ ಪಕ್ಕದ ಮಣೆ ಖಾಲಿಯಿತ್ತು. ಗಿರಣಿಯ ಬೆಲ್ಟು ಹರಿದು, ಅದನ್ನು ಹೊಲಿಸಿ ಏರಿಸುವಷ್ಟರಲ್ಲಿ ಅವನ ಬಸ್ಸು ಹೋಗಿಬಿಟ್ಟಿತ್ತು. ಮಾರನೇ ದಿನ ಗಿರಣಿ ಎದುರಿನ ಎಸ್.ಟಿ.ಡಿ. ಬೂತಿಗೆ ಅತ್ತೆ ಗಾಳೆಮ್ಮನ ಫೋನು ಬಂತು. ಕುಬಸಕ್ಕೆ ಬಾರದವನು ತೊಟ್ಟಿಲಿಗೆ ಬರುತ್ತಾನೆಂದು ನಂಬುವುದು ಹೇಗೆ, ಹೆರಿಗೆಯಾದ ಮೇಲೂ ಮಗಳು ತಮ್ಮಲ್ಲೇ ಇರಲಿ, ಕಳಿಸುವ ಮಾತು ಮುಂದೆ ನೋಡೋಣ ಎಂದಿದ್ದಳು. ಹೆಂಡತಿ ಫೋನಿಗೆ ಬಂದಿರಲಿಲ್ಲ.

ಅಂದಿನಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ. ಮೂರರಲ್ಲಿ ಒಂದನ್ನು ಬಿಡಬೇಕು. ಗಿರಣಿ ಬಿಟ್ಟರೆ ಉಣ್ಣುವುದೇನು. ಅವಳನ್ನು ಬಿಡುವ ಮಾತೇ ಇಲ್ಲ.

"ಗುರುಗಳ, ನಾ ಪಾಠ ಬಿಡ್ತೀನ್ರಿ," ಎಂದ.

ಶಾಸ್ತ್ರಿಗಳು ಕನ್ನಡಕ ಏರಿಸಿಕೊಂಡರು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿದ. ಅವರು ಕೇಳಿದ್ದು ಬೇರೆಯೇ: ಹೆಂಡತಿಗೆ ಎಷ್ಟು ತಿಂಗಳು, ಕರೆಂಟಿನ ಪಾಳಿ ಹೇಗೆ, ಓಬಳೇಶಪ್ಪನಿಗೆ ರಜೆ ಕೇಳಿದ್ದೀಯಾ. ಮೊದಲೆರಡನ್ನು ಹೇಳಿದ. ರಜೆ ಮಾತ್ರ ಕೇಳಿಯೇ ಇರಲಿಲ್ಲ.

"ನಾಕು ವರ್ಷದಾಗ ಮುಗಿಸಬೇಕಂತ ನಿನಗ ಯಾರು ಹೇಳ್ಯಾರ?"

"ಪಾಠಶಾಲಿ ನೇಮ ಐತಲ್ರಿ."

"ಆ ನೇಮ ಈ ಹುಡುಗರಿಗೆ. ಇವರಿಗೇನು, ಉಣ್ಣೂದು, ಒದರೂದು, ಮಲಗೂದು. ನೀ ಏಳು ವರ್ಷ ತಗೋ. ರಾತ್ರಿ ಪಾಳಿ ಇದ್ದ ವಾರ ಬೆಳಿಗ್ಗೆ ಬರಬ್ಯಾಡ, ಸಂಜಿಮುಂದ ನಮ್ಮ ಮನಿಗೆ ಬಾ. ಈ ವರ್ಷ ಒಂದ ಕಲಿ, ಕೂಸಿಗೆ ಲಿಂಗ ಕಟ್ಟೂದು. ನಿನ್ನ ಕೂಸಿಗೆ ನಾ ಬಂದು ಕಟ್ತೀನಿ. ಪಕ್ಕದಾಗ ನಿಂತು ಮಂತ್ರ ನೀ ಹೇಳಬೇಕು. ಈ ವರ್ಷದ ಪರೀಕ್ಷೆ ನಿಮ್ಮ ಮಾವನ ಮನಿಯಾಗ."

ಕಾಂತೇಶಯ್ಯ ಏನೋ ಹೇಳಲು ಹೋದ.

"ತಪ್ಪಿದರ ನಿಮ್ಮತ್ತಿ ಮುಂದ ಫೇಲ್ ಮಾಡ್ತೀನಿ," ಎಂದು ಶಾಸ್ತ್ರಿಗಳು ಎದ್ದು ಒಳಗೆ ಹೋದರು.

ಓಬಳೇಶಪ್ಪನ ಹತ್ತಿರ ರಜೆ ಕೇಳಿದ್ದು ಇನ್ನೂ ಸಲೀಸಾಯಿತು. ಚೀಲದ ಬಾಯಿ ಹೊಲಿಯುತ್ತಿದ್ದವನು ದಬ್ಬಳ ನಿಲ್ಲಿಸಿ, ಪ್ರತಿ ಭಾನುವಾರ ಸೋಮವಾರ ಗಿರಣಿ ತಾನೇ ನೋಡಿಕೊಳ್ಳುವುದಾಗಿ ಹೇಳಿದ. ಎರಡು ವರ್ಷದಲ್ಲಿ ಒಂದು ರಜೆ ಕೇಳಲು ಬಾಯಿ ಬಾರದ ಅಯ್ಯನವರು ನಾಳೆ ತುಂಬಿದ ಚಪ್ಪರದಲ್ಲಿ ಮಂತ್ರ ಹೇಗೆ ಹೇಳುತ್ತಾರೋ ಎಂದು ಕೆಣಕುವುದನ್ನು ಮಾತ್ರ ಬಿಡಲಿಲ್ಲ.

ಭಾನುವಾರ ಎರಡು ಬಸ್ಸು ಬದಲಿಸಿ ಹಿರೇಹಡಗಲಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಗಾಳೆಮ್ಮ ಕಾಲಿಗೆ ನೀರು ಕೊಟ್ಟು, ತಿರುಗಿ ನೋಡದೆ ಅಡುಗೆಮನೆಗೆ ನಡೆದಳು. ನಾಗಲಿಂಗಮ್ಮ ಹಿತ್ತಲ ಬೇವಿನ ನೆರಳಿನಲ್ಲಿ ಕಾಲು ಚಾಚಿ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ಅವನು ಎದುರಿಗೆ ಕೂತು ತಾನೂ ಒಂದು ಮೊರ ಎಳೆದುಕೊಂಡ. ನಿದ್ದೆ ಹೋದದ್ದು, ಶಾಸ್ತ್ರಿಗಳು ಅಂದದ್ದು, ಓಬಳೇಶಪ್ಪ ಕೆಣಕಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಅವಳ ಬೆರಳುಗಳು ನಿಲ್ಲಲಿಲ್ಲ.

"ನಮ್ಮಜ್ಜಿ ಕಥಿಯೊಳಗ ಒಬ್ಬ ಅಯ್ಯ ಇದ್ದ," ಎಂದಳು. "ಮೂರೂರಿನ ಊಟಕ್ಕ ಹೂಂ ಅಂದು, ಮೂರು ಹಾದಿ ಕೂಡೂ ಜಾಗಾದಾಗ ಉಪವಾಸ ಕುಂತಿದ್ದ."

"ಆಮ್ಯಾಲ ಏನಾತು?"

"ಏನಾಗ್ತೈತಿ, ಅಲ್ಲೇ ಕುಂತಾನ. ಅಷ್ಟರಾಗ ನಮ್ಮಜ್ಜಿಗೆ ನಿದ್ದಿ ಬರ್ತಿತ್ತು."

ಚಿಕ್ಕವಳಿದ್ದಾಗ ಕನಸಿನಲ್ಲಿ ಅವಳು ಆ ಅಯ್ಯನಿಗೆ ರೊಟ್ಟಿ ಬುತ್ತಿ ಹೊತ್ತು ನಡೆಯುತ್ತಿದ್ದಳು. ಜಾಲಿ ಗಿಡಗಳ ನಡುವಿನ ಹಾದಿ ಮುಗಿಯುತ್ತಲೇ ಇರಲಿಲ್ಲ, ರೊಟ್ಟಿಯ ಬಿಸಿ ಮಾತ್ರ ಆರುತ್ತಿರಲಿಲ್ಲ. ಅದನ್ನು ಗಂಡನಿಗೆ ಹೇಳಲಿಲ್ಲ.

"ಪಾಠ ಬಿಡ್ರಿ ಅಂತ ನಾ ಯಾವತ್ತರ ಅಂದೀನೇನು?" ಎಂದಳು ಸಿಪ್ಪೆ ಪಕ್ಕಕ್ಕೆ ಸರಿಸುತ್ತ. "ಬರಾಕ ಆಗಂಗಿಲ್ಲ ಅಂತ ಅವತ್ತ ಒಂದು ಫೋನ್ ಹಚ್ಚಿದ್ರ ಸಾಕಿತ್ತು. ಆರತಿ ಹಿಡಕೊಂಡು ಎಲ್ಲಾರೂ ನಿಂತಾರ, ನಾ ಬಾಗಲ ನೋಡಾಕತ್ತೀನಿ. ಬರೂ ದಿನ ಹೇಳ್ರಿ, ಬರಲಾರದ ದಿನಾನೂ ಹೇಳ್ರಿ. ಆದ್ರ ಬರ್ತೀನಿ ನೋಡು ಅನ್ನೂದೊಂದು ಬಿಡ್ರಿ."

ಅವನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. "ಭಾನುವಾರ ಬರ್ತೀನಿ, ಸೋಮವಾರ ಸಂಜಿಗೆ ಹೋಗ್ತೀನಿ. ಹೆರಿಗೆ ಆಗೂತನಕ. ಬೆಲ್ಟ್ ಹರದ್ರ ಫೋನ್ ಹಚ್ಚತೀನಿ."

"ಬೆಲ್ಟ್ ಹರೀಲಾರದನ ಹಚ್ಚರಿ ಒಮ್ಮೊಮ್ಮಿ," ಎಂದಳು. ತುಟಿಯ ಅಂಚಿನಲ್ಲಿ ನಗು ಕಂಡಿತು. ಸುಲಿದ ನಾಲ್ಕು ಬೀಜ ಅವನ ಅಂಗೈಗೆ ಹಾಕಿ, ಆ ಪರೀಕ್ಷೆಯ ಪಾಠ ಎಲ್ಲಿಗೆ ಬಂತೋ ಹೇಳಿ ತೋರಿಸಬೇಕೆಂದಳು.

ಅವನು ಸಣ್ಣ ದನಿಯಲ್ಲಿ ಶುರುಮಾಡಿದ. ಎರಡನೇ ಸಾಲಿಗೆ ತಡವರಿಸಿ ನಿಂತ, ಮತ್ತೆ ಮೊದಲಿಂದ ಹಿಡಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಗಟ್ಟಿ ಹೇಳಾಕ ಹೇಳವ್ವ," ಎಂದಳು ಗಾಳೆಮ್ಮ ಒಳಗಿನಿಂದ. "ಇಲ್ಲಿಗೆ ಕೇಳವಲ್ದು."

ಅವನು ದನಿ ಎತ್ತಿದ. ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಊರ ಬಾಗಿಲಲ್ಲಿ ಕಡೇ ಬಸ್ಸು ಎರಡು ಸಲ ಹಾರ್ನು ಹಾಕಿ, ಸ್ವಲ್ಪ ಕಾದು, ಧೂಳೆಬ್ಬಿಸಿಕೊಂಡು ಹೊರಟಿತು. ಕಾಂತೇಶಯ್ಯ ಮಂತ್ರ ಹೇಳುತ್ತಲೇ ಮೊರಕ್ಕೆ ಇನ್ನೊಂದು ಬೊಗಸೆ ಕಾಯಿ ಸುರಿದುಕೊಂಡ.