ನಾನು ಅಳೆದ ಹಸಿರು

ನಾನು ಒಂದು ಕಲರಿಮೀಟರ್. ಬಣ್ಣದ ನೀರಿನೊಳಗೆ ಬೆಳಕು ಹಾಯಿಸಿ, ಆ ಬಣ್ಣ ಎಷ್ಟು ಗಾಢವೆಂದು ಹೇಳುವುದು ನನ್ನ ಕೆಲಸ. ಅಂಬಾಲಾದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಹೊಟ್ಟೆಯಲ್ಲೊಂದು ಪುಟ್ಟ ಬಲ್ಬು, ಕೆಲವು ಬಣ್ಣದ ಗಾಜುಗಳು, ಮುಖದ ಮೇಲೊಂದು ಮುಳ್ಳು. ಆ ಮುಳ್ಳು ನಿಲ್ಲುವ ಮೊದಲು ತುಸು ನಡುಗುತ್ತದೆ. ನನ್ನ ಸ್ವಭಾವವೇ ಹಾಗೆ.

ಮೊದಲು ಹುಬ್ಬಳ್ಳಿಯ ಒಂದು ಸಂಜೆ ತರಗತಿಗೆ ಬಂದೆ. ಹಗಲೆಲ್ಲ ಅಂಗಡಿಗಳಲ್ಲಿ ದುಡಿದವರು ಅಲ್ಲಿ ರಕ್ತ ಪರೀಕ್ಷೆ ಕಲಿಯುತ್ತಿದ್ದರು. ಅವರಿಗೆ ಹೇಳಿದ ಪಾಠವನ್ನೇ ನಾನೂ ಕೇಳಿಸಿಕೊಂಡೆ. ಅಲ್ಬುಮಿನ್ ಎಂಬ ಪ್ರೋಟೀನನ್ನು ಯಕೃತ್ತು ತಿಂದ ಆಹಾರದ ಸಾರದಿಂದ ತಯಾರಿಸುತ್ತದೆ. ಅದು ನೀರನ್ನು ರಕ್ತದಲ್ಲೇ ಹಿಡಿದಿಡುತ್ತದೆ. ಕಡಿಮೆಯಾದರೆ ನೀರು ಕಾಲಿಗೆ ಇಳಿಯುತ್ತದೆ. ಅದನ್ನು ಅಳೆಯುವ ಹಳದಿ ದ್ರಾವಣಕ್ಕೆ ರಕ್ತದ ತಿಳಿ ಬೆರೆಸಿದರೆ ಹಸಿರಾಗುತ್ತದೆ. ಹಸಿರು ಗಾಢವಾದಷ್ಟೂ ಒಳ್ಳೆಯದು. ನನಗೆ ಗೊತ್ತಿರುವುದು ಇಷ್ಟೇ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ತರಗತಿಗೆ ಹೊಸ ಯಂತ್ರ ಬಂದಾಗ, ಅಲ್ಲೇ ಕಲಿತ ಮಹಾನಂದಾ ನನ್ನನ್ನು ಗುಳೇದಗುಡ್ಡಕ್ಕೆ ಒಯ್ದಳು. ನೇಕಾರರ ಓಣಿಯಲ್ಲಿ ಒಂದೇ ಕೋಣೆಯ ಲ್ಯಾಬು. ಅವಳು ನನಗಿಂತಲೂ ಅಳುಕಿನವಳು. ಬೀಗ ಹಾಕಿ ಹೋದವಳು ತಿರುಗಿ ಬಂದು ನನ್ನ ಸ್ವಿಚ್ಚು ನೋಡುತ್ತಿದ್ದಳು.

ಒಂದು ದಿನ ತಂಗೆವ್ವ ಎಂಬ ನೇಕಾರ ಹೆಂಗಸು ಸೊಸೆ ಶಾಂಭವಿಯನ್ನು ಕರೆತಂದಳು. ಸೊಸೆಗೆ ಏಳು ತಿಂಗಳ ಹಿಂದೆ ಕಾಮಣಿ, ಅಂದರೆ ಕಾಮಾಲೆ, ಆಗಿತ್ತು. ಕಣ್ಣಿನ ಹಳದಿ ಯಾವಾಗಲೋ ಹೋಗಿತ್ತು. ಆದರೂ ಪಥ್ಯ ಬಿಡಬಹುದೋ ಇಲ್ಲವೋ ಎಂಬ ಅನುಮಾನ. ಊರಲ್ಲಿ ಕಾಮಣಿಗೆಂದು ಎಲ್ಲರೂ ಮಾಡಿಸುವ ಎರಡೇ ಪರೀಕ್ಷೆ ಮಾಡಿಸಿದರು: ಬಿಲಿರುಬಿನ್, ಎಸ್‌ಜಿಪಿಟಿ. ಎರಡೂ ಸರಿಯಾಗಿದ್ದವು.

"ನೋಡಿದೇನ? ಪಥ್ಯ ಹಿಡದೈತಿ. ಈಗ ಬಿಟ್ರ ಕೆಟ್ಟೀತು," ಎಂದು ತಂಗೆವ್ವ ಸಂತೋಷದಿಂದ ಹೋದಳು.

ನಾನು ಸುಳ್ಳು ಹೇಳಿರಲಿಲ್ಲ. ಆದರೂ ಆ ಮಾತು ನನ್ನನ್ನು ಇಂದಿಗೂ ಕುಟುಕುತ್ತದೆ.

ಮೂರು ತಿಂಗಳಾದ ಮೇಲೆ ಮತ್ತೆ ಬಂದರು. ಶಾಂಭವಿಯ ಪಾದಗಳು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಈ ಸಲ ಡಾಕ್ಟರು ಅಲ್ಬುಮಿನ್ ಕೂಡ ಬರೆದಿದ್ದರು. ಉಳಿದೆರಡು ಸರಿಯಾಗಿಯೇ ಬಂದವು. ಅಲ್ಬುಮಿನ್ನಿನ ಕೊಳವೆ ಮಾತ್ರ ಹಳದಿ ಬಿಟ್ಟು ಹಸಿರಿಗೆ ಹೋಗಲೊಲ್ಲದು. ಮಹಾನಂದಾ ಲೆಕ್ಕ ಹಾಕಿದಳು: ಎರಡು ಪಾಯಿಂಟ್ ಒಂದು. ಮೂರೂವರೆಯಾದರೂ ಇರಬೇಕಿತ್ತು.

ನನ್ನ ಬಲ್ಬು ಸೋತಿದೆಯೇ? ಅವಳಿಗೂ ಅದೇ ಸಂಶಯ. ಬಲ್ಬು ಬದಲಿಸಿ, ತನ್ನದೇ ರಕ್ತ ತೆಗೆದು ನೋಡಿದಳು. ಅವಳದು ನಾಲ್ಕು. ಶಾಂಭವಿಯದು ಮತ್ತೆ ಎರಡು ಪಾಯಿಂಟ್ ಒಂದು.

"ಕಾಮಣಿ ಇನ್ನೂ ಮೈಯಾಗ ಐತೇನವಾ? ಹಂಗಾರ ಪಥ್ಯ ಇನ್ನ ಬಿಗಿ ಮಾಡ್ತೀನಿ. ಮಜ್ಜಿಗಿನೂ ಬಂದ್," ಎಂದಳು ತಂಗೆವ್ವ.

ಅಲ್ಬುಮಿನ್ ಯಾಕೆ ಇಳಿಯಿತೆಂದು ನಾನು ಹೇಳಲಾರೆ. ಯಕೃತ್ತು ಬಹುಕಾಲದಿಂದ ಸೋತಿದ್ದರೂ, ಮೂತ್ರಪಿಂಡ ಸೋರುತ್ತಿದ್ದರೂ, ಒಳಗೆಲ್ಲೋ ಹಳೆಯ ಸೋಂಕಿದ್ದರೂ, ಹೊಟ್ಟೆಗೆ ಇಲ್ಲದಿದ್ದರೂ ಅಂಕಿ ಅದೇ. ಮಹಾನಂದಾ ತಡವರಿಸಿ ಕೇಳಿದಳು, "ಯವ್ವಾ, ಉಣ್ಣಾಕ ಏನ ಕೊಡ್ತೀರಿ?"

"ಅಕ್ಕಿ ಗಂಜಿ, ನೀರ ಮಜ್ಜಿಗಿ. ಬ್ಯಾಳಿ, ಹಾಲು, ಎಣ್ಣಿ ಒಂದೂ ಮುಟ್ಟಿಸಿಲ್ಲ."

"ಹತ್ತು ತಿಂಗಳಾ?"

"ಯಾಕ, ಉಪಾಸ ಕೆಡವೀನಿ ಅಂತೀಯೇನು?" ತಂಗೆವ್ವ ಸಿಟ್ಟಾದಳು. "ಆಕಿ ಮುಂದ ನಾವು ಬ್ಯಾಳಿ ಉಂಡ್ರ ಆಕಿಗೆ ಹ್ಯಾಂಗಾಗಬ್ಯಾಡ? ನಾನೂ ಅದನ್ನ ಉಂಡೀನಿ."

ಶಾಂಭವಿ ತಲೆ ತಗ್ಗಿಸಿ, "ಬ್ಯಾಡಂದ್ರ ಕೇಳಂಗಿಲ್ರೀ ಅತ್ತಿ," ಎಂದಳು.

ಮಹಾನಂದಾ ಇನ್ನೊಂದು ಸೂಜಿ ತೆಗೆದು, "ಯವ್ವಾ, ನಿಮ್ಮ ಕೈ ಕೊಡ್ರಿ," ಎಂದಳು.

ಅತ್ತೆಯದು ಎರಡು ಪಾಯಿಂಟ್ ಒಂಬತ್ತು. ಕಾಮಣಿ ಎಂದೂ ಕಾಣದವಳದು.

ವರದಿಯಲ್ಲಿ ಅಂಕಿಯ ಹೊರತು ಏನನ್ನೂ ಬರೆಯದ ಮಹಾನಂದಾ ಅಂದು ಅಂಚಿನಲ್ಲಿ ಬರೆದಳು: "ಇಬ್ಬರೂ ಹತ್ತು ತಿಂಗಳಿಂದ ಬರೀ ಗಂಜಿ." ಬರೆದ ಮೇಲೆ ಹೊಡೆದುಹಾಕಲು ಪೆನ್ನೆತ್ತಿದಳು. ಹೊಡೆಯಲಿಲ್ಲ.

ಡಾಕ್ಟರು ಮೂತ್ರ ನೋಡಿದರು, ಸ್ಕ್ಯಾನ್ ಮಾಡಿಸಿದರು. ಯಕೃತ್ತು, ಮೂತ್ರಪಿಂಡ ಎರಡೂ ಚೆನ್ನಾಗಿದ್ದವು. ಪಥ್ಯ ನಿಲ್ಲಿಸಿ, ಬೇಳೆ, ಹಾಲು, ಮೊಳಕೆಕಾಳು ಕೊಡಿ ಎಂದರು. ಎರಡು ತಿಂಗಳ ಮೇಲೆ ಬಂದಾಗ ಕೊಳವೆಗಳೆರಡೂ ಹಸಿರಾದವು. ಸೊಸೆಯದು ಮೂರು ಪಾಯಿಂಟ್ ಮೂರು, ಅತ್ತೆಯದು ಮೂರು ಪಾಯಿಂಟ್ ಆರು.

"ಇದರಾಗೂ ನಾನ ಮುಂದ!" ಎಂದು ನಕ್ಕ ತಂಗೆವ್ವ, ಮರುಕ್ಷಣವೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕೈಯಾರ ಒಣಗಿಸಿದ್ನಲ್ಲ ಯವ್ವಾ ಈ ಹುಡುಗೀನ್ನ."

"ನಿಮ್ಮನ್ನೂ ಒಣಗಿಸ್ಕೊಂಡಿದ್ರಿ," ಎಂದಳು ಶಾಂಭವಿ.

ಈಗ ನಾನು ಬೀರುವಿನ ಮೇಲಿದ್ದೇನೆ. ಕೆಳಗೆ ತಾನೇ ಲೆಕ್ಕ ಹಾಕಿ ಕಾಗದವನ್ನೂ ಕೊಡುವ ಹೊಸ ಯಂತ್ರವಿದೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅದರ ಅಂಕಿ ನನ್ನದಕ್ಕಿಂತ ನಿಖರ. ಮೊದಲ ಸಲವೇ ಯಾರಾದರೂ ಮೂರನೆಯ ಪರೀಕ್ಷೆ ಕೇಳಿದ್ದರೆ ಆ ಮೂರು ತಿಂಗಳು ಉಳಿಯುತ್ತಿದ್ದವೇನೋ ಎಂದು ಮಾತ್ರ ಯೋಚಿಸುತ್ತಿರುತ್ತೇನೆ.

ಮಹಾನಂದಾ ಈಗ ಸೂಜಿ ಚುಚ್ಚುವ ಮೊದಲು ಎಲ್ಲರನ್ನೂ ಕೇಳುತ್ತಾಳೆ, "ಊಟಕ್ಕ ಏನ ಮಾಡ್ತೀರಿ?" ಹಲವರು ನಗುತ್ತಾ ಹೇಳುತ್ತಾರೆ: ರೊಟ್ಟಿ, ಹೆಸರುಕಾಳು, ಮೊಸರು. ಕೆಲವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದವರ ಹತ್ತಿರ ಅವಳು ಕುರ್ಚಿ ಎಳೆದುಕೊಂಡು ಕೂರುತ್ತಾಳೆ.