ಕಿರುಸಹಿ

ಎಲ್ಲ ಪೆನ್ನುಗಳೂ ಮೇಜುಗಳು. ಕೆಲವು ಮೇಜುಗಳು ಕುರ್ಚಿಗಳು. ಹಾಗಾದರೆ ಕೆಲವು ಪೆನ್ನುಗಳು ಕುರ್ಚಿಗಳೆಂದು ಹೇಳಬಹುದೇ?

ಈ ಪ್ರಶ್ನೆಯ ಮುಂದೆ ನನ್ನ ಗಂಡ ಇಪ್ಪತ್ತು ನಿಮಿಷ ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಪೆನ್ನು ಮೇಜಾಗೋದು ಹೇಗೆ ಎಂದು ನನ್ನನ್ನೇ ಕೇಳಿದರು. ಯಾರು ಹಾಗೆ ಹೇಳಿದ್ದು, ಅದಕ್ಕೆ ದಾಖಲೆ ಏನಿದೆ ಎಂದರು. ನೂರು ಪ್ರಶ್ನೆಗೆ ಒಂದು ಗಂಟೆ, ಅಂದರೆ ಒಂದು ಪ್ರಶ್ನೆಗೆ ಮೂವತ್ತಾರು ಸೆಕೆಂಡು, ದಾಖಲೆ ಕೇಳುತ್ತ ಕೂತರೆ ಪರೀಕ್ಷೆ ಮುಗಿದು ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ ಎಂದು ನಾನು ರೇಗಿದೆ. ಆ ಸಿಟ್ಟಿಗೆ ಮಷೀನಿನಲ್ಲಿದ್ದ ಸ್ಕೂಲ್ ಯೂನಿಫಾರ್ಮಿನ ತೋಳಿಗೆ ಸೊಟ್ಟ ಹೊಲಿಗೆ ಬಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿದೆ.

ನನ್ನ ನಾಲಿಗೆ ಸ್ವಲ್ಪ ಉದ್ದ ಅಂತ ನನಗೂ ಗೊತ್ತು. ಆದರೆ ನನ್ನ ಜಾಗದಲ್ಲಿ ನೀವಿದ್ದರೂ ರೇಗುತ್ತಿದ್ದಿರಿ. ಇವರು ಹನ್ನೊಂದು ವರ್ಷದಿಂದ ಜನನ-ಮರಣ ನೋಂದಣಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತರು. ಹುಟ್ಟಿದವರನ್ನು ಒಂದು ಪುಸ್ತಕದಲ್ಲಿ, ಸತ್ತವರನ್ನು ಇನ್ನೊಂದು ಪುಸ್ತಕದಲ್ಲಿ ಬರೆಯುವ ಕೆಲಸ. ಮುತ್ತು ಪೋಣಿಸಿದಂಥ ಅಕ್ಷರ. ಇದ್ದಕ್ಕಿದ್ದಂತೆ ಮೇಲಿನಿಂದ ಆದೇಶ ಬಂತು: ಹಂಗಾಮಿ ಕುರ್ಚಿಗಳನ್ನೆಲ್ಲ ಇನ್ನು ಮುಂದೆ ಪರೀಕ್ಷೆಯಿಂದ ತುಂಬಲಾಗುವುದು. ಈಗಾಗಲೇ ಕೂತವರಿಗೆ ವಯಸ್ಸಿನ ವಿನಾಯಿತಿ ಉಂಟು, ಒಂದೇ ಒಂದು ಸಲ. ನೂರಕ್ಕೆ ಅರವತ್ತು ಬಂದರೆ ಕುರ್ಚಿ ಕಾಯಂ. ಬರದಿದ್ದರೆ ಪರೀಕ್ಷೆ ಪಾಸಾದ ಬೇರೆ ಯಾರೋ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ಇವರಿಗೆ ನಲವತ್ತಾರು. ಬರೆಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ, ಗೋಡೆಗೊಂದು ಮೊಳೆ ಹೊಡೆಯೆಂದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುತ್ತಾರೆ. ಮಗಳು ಹತ್ತನೇ ತರಗತಿ. ನನ್ನ ಮಷೀನೊಂದೇ ಮನೆಯನ್ನು ಎಷ್ಟು ದಿನ ಎಳೆದೀತು?

ಇಷ್ಟಕ್ಕೂ ಪರೀಕ್ಷೆಯಲ್ಲಿ ಹುಟ್ಟು-ಸಾವಿನ ಬಗ್ಗೆ ಒಂದೇ ಒಂದು ಪ್ರಶ್ನೆಯಿಲ್ಲ. ರೈಲು ಸೇತುವೆ ದಾಟಲು ಎಷ್ಟು ಹೊತ್ತು ಬೇಕು, ಎರಡು ಆರು ಹನ್ನೆರಡು ಇಪ್ಪತ್ತರ ಮುಂದಿನ ಅಂಕಿ ಯಾವುದು, ಪೆನ್ನು ಕುರ್ಚಿಯಾಗುತ್ತದೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಬಗ್ಗಿಸಲೇಬೇಕಿತ್ತು. ಎರಡು ತಿಂಗಳು ಉಳಿದಿತ್ತು.

ಇವರ ಒಂದು ಅಭ್ಯಾಸ ಹೇಳಬೇಕು. ಕಚೇರಿಗೆ ಸೇರಿದ ಮೊದಲ ದಿನ ಹೆಡ್ ಗುಮಾಸ್ತರು ಇವರಿಗೆ ಒಂದೇ ಪಾಠ ಹೇಳಿದ್ದರಂತೆ. ಈ ಪುಸ್ತಕದಲ್ಲಿ ರಬ್ಬರಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ, ಬರೆದದ್ದರ ಮೇಲೆ ಬರೆಯುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ತಪ್ಪು ಏನಿತ್ತು ಅಂತ ಓದಲು ಬರುವ ಹಾಗೆ. ಅದರ ಮೇಲುಗಡೆ ಸರಿಯಾದದ್ದು. ಪಕ್ಕದಲ್ಲಿ ಕಿರುಸಹಿ, ಅಂದರೆ ಪೂರ್ತಿ ಸಹಿಯಲ್ಲ, ಹೆಸರಿನ ಎರಡಕ್ಷರದ ಪುಟ್ಟ ಸಹಿ. ತಪ್ಪು ಮಾಡು, ಮುಚ್ಚಬೇಡ ಎಂದಿದ್ದರಂತೆ ಹೆಡ್ ಗುಮಾಸ್ತರು. ಅದು ಇವರಿಗೆ ಎಷ್ಟು ಮೈಗೆ ಹತ್ತಿತ್ತೆಂದರೆ ಅಂಗಡಿಯ ಸಾಮಾನು ಚೀಟಿಯಲ್ಲಿ ಸಕ್ಕರೆಯನ್ನು ಒಂದರಿಂದ ಎರಡು ಕಿಲೋ ಮಾಡಿದರೂ ಗೆರೆ ಎಳೆದು ಕಿರುಸಹಿ ಹಾಕುತ್ತಿದ್ದರು. ಅಡುಗೆಗೆ ಉಪ್ಪು ಜಾಸ್ತಿಯಾದ ದಿನ, ಗೆರೆ ಎಳೆದು ಸಹಿ ಹಾಕಲಾ ಎಂದು ನಾನು ಕೇಳುತ್ತಿದ್ದೆ. ಇವರು ನಗುತ್ತಿರಲಿಲ್ಲ, ಮಗಳು ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು.

ಮಾದರಿ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು, ಉತ್ತರದ ಹಾಳೆಗಳ ಸಮೇತ. ಪ್ರತಿ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಸೊನ್ನೆ, ಸರಿಯಾದ ಸೊನ್ನೆಯನ್ನು ತುಂಬಬೇಕು. ಇದ್ದದ್ದು ಹತ್ತೇ ಹಾಳೆ. ಅಲ್ಲಿ ನಾನು ಜಾಣತನ ಮಾಡಿದೆ. ಪೆನ್ಸಿಲಿನಲ್ಲಿ ತುಂಬಿಸಿ, ಅಂಕ ಎಣಿಸಿ, ರಬ್ಬರಿನಲ್ಲಿ ಅಳಿಸಿ ಮತ್ತೆ ಅದೇ ಹಾಳೆ ಕೊಡುತ್ತಿದ್ದೆ. ಒಂದೊಂದು ಹಾಳೆ ಐದಾರು ಸಲ ತಿರುಗಿತು. ಸೊನ್ನೆಗಳು ಬೂದು ಬಣ್ಣಕ್ಕೆ ತಿರುಗಿದರೂ ಬಿಡಲಿಲ್ಲ. ತಪ್ಪಾದದ್ದನ್ನು ಮಧ್ಯದಲ್ಲಿ ತಿದ್ದಬೇಕೆಂದರೂ ನಾನೇ ಕೈ ಚಾಚಿ ಅಳಿಸಿಬಿಡುತ್ತಿದ್ದೆ, ಹೊತ್ತು ಉಳಿಯಲಿ ಎಂದು.

ದಿನಾ ಸಂಜೆ ಕಚೇರಿಯಿಂದ ಬಂದು, ಮುಖ ತೊಳೆದು, ಕೂರುತ್ತಿದ್ದರು. ಮಗಳು ಗಡಿಯಾರ ನೋಡುತ್ತಿದ್ದಳು. ಮುಗಿದ ಮೇಲೆ ನಾನು ಎಣಿಸುತ್ತಿದ್ದೆ. ಮೊದಲ ದಿನ ಮೂವತ್ತೊಂದು. ಆಮೇಲೆ ಮೂವತ್ತನಾಲ್ಕು. ಆಮೇಲೆ ಇಪ್ಪತ್ತೊಂಬತ್ತು. ಅಂಕವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಣಿಸಿದವರ ಸಹಿ ಎಲ್ಲಿ ಎಂದು ಕೇಳಿದರು. ಸಹಿಯಿಲ್ಲದ ಕಾಗದವನ್ನು ಇವರು ನಂಬುವುದಿಲ್ಲ. ಇಪ್ಪತ್ತೊಂಬತ್ತು ಅಂಕಕ್ಕೆ ಸಹಿ ಬೇರೆ ಕೇಡು ಎಂದು ಗೊಣಗಿ ಹಾಕಿದೆ. ಅಂದಿನಿಂದ ದಿನಾ ಚೀಟಿಯ ಕೆಳಗೆ ನನ್ನ ಸಹಿ.

ಎರಡು ಪಟ್ಟಿಗಳನ್ನು ಹೋಲಿಸಿ ವ್ಯತ್ಯಾಸ ಹಿಡಿಯುವ ಭಾಗದಲ್ಲಿ ಇವರನ್ನು ಮೀರಿಸುವವರಿರಲಿಲ್ಲ, ಇಪ್ಪತ್ತಕ್ಕೆ ಇಪ್ಪತ್ತು. ಎಡವುತ್ತಿದ್ದುದು ಪೆನ್ನು-ಮೇಜಿನಲ್ಲಿ. ಇದು ನಿಜ ಅಲ್ಲಪ್ಪ, ಆಟ, ಹೇಳಿದ್ದನ್ನು ನಂಬಿಬಿಡು ಎಂದು ಮಗಳು ನೂರು ಸಲ ಹೇಳಿದಳು. ಸುಳ್ಳನ್ನು ನಂಬುವುದು ಹೇಗೆ ಎಂದು ಇವರು ನೂರೊಂದು ಸಲ ಕೇಳಿದರು.

ಒಂದು ತಿಂಗಳು ಕಳೆದರೂ ನಲವತ್ತು ದಾಟಲಿಲ್ಲ. ಊಟ ಸೇರುತ್ತಿರಲಿಲ್ಲ, ಅಂಗಿಯ ಕಾಲರು ಸಡಿಲವಾಯಿತು. ಒಂದು ಸಂಜೆ ಮೂವತ್ತೆಂಟು ಬಂದಾಗ ಪೆನ್ಸಿಲ್ ಕೆಳಗಿಟ್ಟು, ಮಗಳ ಎದುರಿಗೇ ಅತ್ತುಬಿಟ್ಟರು.

"ಹನ್ನೊಂದು ವರ್ಷ ಕೂತ ಕುರ್ಚಿಗೆ ನಾನು ಯೋಗ್ಯನಾ ಅಂತ ಈ ಪೆನ್ನು ಮೇಜು ಹೇಳಬೇಕಾ?"

ಸಮಾಧಾನ ಮಾಡಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. ಅಳೋದಕ್ಕೆ ಅಂಕ ಕೊಡೋದಿಲ್ಲ ಎಂದುಬಿಟ್ಟೆ. ಮಗಳು ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ನನಗೆ ಭಯ ಕಣ್ರೀ, ಭಯ. ಭಯವಾದಾಗ ಕೆಲವರಿಗೆ ಕೈ ನಡುಗುತ್ತದೆ, ನನಗೆ ನಾಲಿಗೆ ಹರಿತವಾಗುತ್ತದೆ.

ಮರುದಿನ ಗುಂಡಿ ಹಾಕುತ್ತ ಕೂತಿದ್ದಾಗ ನನಗೆ ಹೊಳೆಯಿತು. ಇವರು ಬಂದ ಕೂಡಲೇ ಕೇಳಿದೆ. ನಿಮ್ಮ ಕಚೇರಿಗೆ ಜನ ಅರ್ಜಿ ತರುತ್ತಾರಲ್ಲ, ಅದು ಸತ್ಯವೋ ಸುಳ್ಳೋ ಅಂತ ಅವರ ಮನೆಗೆ ಹೋಗಿ ನೋಡಿಕೊಂಡು ಬರುತ್ತೀರಾ? ಇಲ್ಲ, ಅರ್ಜಿಯಲ್ಲಿ ಬರೆದದ್ದನ್ನಷ್ಟೇ ನೋಡುತ್ತೇವೆ ಎಂದರು.

"ಹಾಗಾದ್ರೆ ಪೆನ್ನೊಂದು ಬಂದು ನಾನು ಮೇಜು ಅಂತ ಅರ್ಜಿ ಕೊಟ್ಟಿದೆ ಅಂದ್ಕೊಳ್ಳಿ. ಅರ್ಜಿ ನೋಡಿ ಸಾಕು, ಪೆನ್ನಿನ ಮುಖ ನೋಡಬೇಡಿ."

ಇವರು ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ನಾವು ಕುರ್ಚಿ ಅಂತ ಕೆಲವು ಮೇಜುಗಳ ಅರ್ಜಿ ಮಾತ್ರ ಬಂದಿದೆ, ಅವು ಪೆನ್ನಿನ ಮೇಜುಗಳೇ ಅಂತ ಅದರಲ್ಲಿ ಬರೆದಿಲ್ಲ, ಆದ್ದರಿಂದ ಏನೂ ಹೇಳಲು ಬರುವುದಿಲ್ಲ ಎಂದರು. ಅದೇ ಸರಿಯುತ್ತರ. ಮಗಳು ಒಳಗಿನಿಂದ ಓಡಿ ಬಂದಳು. ಅವತ್ತು ನಲವತ್ತೊಂಬತ್ತು ಬಂತು, ವಾರದಲ್ಲಿ ಐವತ್ತೈದು, ಕೊನೆಯ ವಾರ ಅರವತ್ತಮೂರು. ಆ ಚೀಟಿಗೆ ನಾನು ಸಹಿ ಹಾಕುವಾಗ ನನ್ನ ಹೆಸರೇ ನನಗೆ ಚೆಂದ ಕಂಡಿತು.

ಪರೀಕ್ಷೆಯ ಹಿಂದಿನ ದಿನ ಪ್ರವೇಶಪತ್ರದ ಹಿಂದೆ ಅಚ್ಚಾಗಿದ್ದ ಸೂಚನೆಗಳನ್ನೆಲ್ಲ ನಾನು ಗಟ್ಟಿಯಾಗಿ ಓದಿದೆ. ಕಪ್ಪು ಪೆನ್ನನ್ನೇ ಬಳಸಬೇಕು, ಹೀಗೆ ಹನ್ನೆರಡು ಸೂಚನೆಗಳು. ಒಂಬತ್ತನೆಯದು: ಉತ್ತರ ಹಾಳೆಯಲ್ಲಿ ನಿಗದಿತ ಜಾಗವನ್ನು ಬಿಟ್ಟು ಬೇರೆಲ್ಲಿಯಾದರೂ ಸಹಿ, ಹೆಸರು ಅಥವಾ ಗುರುತು ಕಂಡುಬಂದರೆ ಹಾಳೆಯನ್ನು ತಿರಸ್ಕರಿಸಲಾಗುವುದು. ಇವರು ಗುಣಾಕಾರದ ಮಗ್ಗಿ ನೋಡುತ್ತಲೇ, ಅದು ಕಳ್ಳರಿಗೆ ಹೇಳಿದ್ದು, ತಮ್ಮ ಹಾಳೆ ಯಾವುದು ಅಂತ ಪರೀಕ್ಷಕರಿಗೆ ಗುರುತು ಕೊಡುವವರಿಗೆ ಎಂದರು. ನಾನೂ ಹೌದೆಂದು ಹತ್ತನೆಯದಕ್ಕೆ ಹೋದೆ.

ಪರೀಕ್ಷೆ ನಡೆದದ್ದು ಒಂದು ಶಾಲೆಯಲ್ಲಿ. ಗೇಟಿನ ಹೊರಗೆ ನಮ್ಮಂಥವರು ನೂರಾರು ಜನ. ಒಳಗೆ ಹೋದವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರ ಮಕ್ಕಳು, ಅವರ ನಡುವೆ ಇವರ ನೆತ್ತಿಯ ಬೋಳು ದೂರದವರೆಗೂ ಕಂಡಿತು. ಒಂದು ಗಂಟೆ ನಾನು ಕೂರಲಿಲ್ಲ. ಕಂಡ ಕಂಡ ದೇವರಿಗೆಲ್ಲ ಅರ್ಜಿ ಹಾಕಿದೆ.

ಇವರು ಹೊರಗೆ ಬಂದಾಗ ಮುಖ ನೋಡಿಯೇ ನನಗೆ ಜೀವ ಬಂತು. ಮದುವೆಯಾದಾಗಿನಿಂದ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ತೊಂಬತ್ತೆರಡು ಪ್ರಶ್ನೆಗೆ ಉತ್ತರ ಬರೆದಿದ್ದರಂತೆ. ಪ್ರಶ್ನೆಪತ್ರಿಕೆಯನ್ನು ಮನೆಗೆ ತರಲು ಬಿಟ್ಟಿದ್ದರು, ಅದರಲ್ಲೂ ತಮ್ಮ ಉತ್ತರಗಳನ್ನೆಲ್ಲ ಗುರುತು ಮಾಡಿಕೊಂಡು ಬಂದಿದ್ದರು. ಪೆನ್ನುಗಳು ಈ ಸಲ ಬೆಕ್ಕುಗಳಾಗಿದ್ದವು, ಬೆಕ್ಕುಗಳು ಬಾಗಿಲುಗಳಾಗಿದ್ದವು, ಎಲ್ಲರ ಅರ್ಜಿಯನ್ನೂ ವಿಲೇವಾರಿ ಮಾಡಿದೆ ಎಂದರು. ನಾನು ರಸ್ತೆಯಲ್ಲಿ ಜೋರಾಗಿ ನಕ್ಕೆ.

ತಿರುವಿನ ಹತ್ತಿರ ಬಂದಾಗ, ನೆನಪಾದವರಂತೆ ಹೇಳಿದರು.

"ಒಂದೇ ಒಂದು ಕಡೆ ಅವಸರ ಆಯ್ತು. ನಲವತ್ತೇಳನೇದು. ಬಿ ತುಂಬಿಬಿಟ್ಟೆ, ಆಮೇಲೆ ನೋಡಿದರೆ ಸಿ. ಗಾಬರಿ ಆಗಲಿಲ್ಲ ನೋಡು. ಬಿ ಮೇಲೆ ನೀಟಾಗಿ ಒಂದು ಗೆರೆ ಎಳೆದು, ಸಿ ತುಂಬಿ, ಪಕ್ಕದಲ್ಲಿ ಕಿರುಸಹಿ ಹಾಕಿದೆ."

ನನ್ನ ಕಾಲು ಅಲ್ಲೇ ನಿಂತಿತು. ಏನಾಯಿತು ಎಂದು ಕೇಳಿದರು. ಚಪ್ಪಲಿಯಲ್ಲಿ ಕಲ್ಲು ಎಂದೆ. ಬಗ್ಗಿ ಇಲ್ಲದ ಕಲ್ಲನ್ನು ತೆಗೆದೆ. ಇವರು ಮುಂದೆ ನಡೆಯುತ್ತ, ಕಾಯಂ ಆದ ಮೇಲೆ ಕಚೇರಿಯ ಕಿಟಕಿಯ ಕಡೆಯ ಮೇಜು ಕೇಳಬೇಕು, ಅಲ್ಲಿ ಬೆಳಕು ಚೆನ್ನಾಗಿದೆ ಎನ್ನುತ್ತಿದ್ದರು.

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಇವರನ್ನು ಬೈದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಎರಡು ತಿಂಗಳು ರಬ್ಬರು ಹಿಡಿದು ಕೂತವಳು ಯಾರು? ಒಂದೇ ಒಂದು ದಿನ, ಒಂದೇ ಒಂದು ಹಾಳೆಯನ್ನು ಪೆನ್ನಿನಲ್ಲಿ ತುಂಬಿಸಿದ್ದರೆ ಆ ಕೈ ಆವತ್ತೇ ಗೆರೆ ಎಳೆದು ಕಿರುಸಹಿ ಹಾಕುತ್ತಿತ್ತು, ನಾನು ಅಲ್ಲೇ ಹಿಡಿಯುತ್ತಿದ್ದೆ. ಹಾಳೆ ಉಳಿಸಿದೆ. ಗಂಡನ ಕುರ್ಚಿ ಕಳೆದೆ. ಉತ್ತರದ ಹಾಳೆಯನ್ನು ಯಂತ್ರ ತಾನೇ ನೋಡುವುದು, ಅದಕ್ಕೆ ಎರಡಕ್ಷರ ಕಾಣದೆ ಇರಬಹುದು ಎಂದು ಮನೆ ಮುಟ್ಟುವವರೆಗೂ ನನಗೆ ನಾನೇ ಹೇಳಿಕೊಂಡೆ. ಎಣಿಸುವುದಷ್ಟೇ ಯಂತ್ರ, ತಿರಸ್ಕರಿಸುವವರು ಮನುಷ್ಯರೇ ಎಂದು ಮತ್ತೆ ನಾನೇ ಹೇಳಿಕೊಂಡೆ.

ಸಂಜೆಯೊಳಗೆ ಸರಿಯುತ್ತರಗಳ ಪಟ್ಟಿ ಫೋನಿನಲ್ಲಿ ಬಂತು. ಮಗಳು ಓದಿದಳು, ನಾನು ಪ್ರಶ್ನೆಪತ್ರಿಕೆ ನೋಡಿ ಗುರುತು ಹಾಕುತ್ತ ಹೋದೆ. ನಲವತ್ತೇಳು, ಸಿ ಎಂದಳು. ಗುರುತು ಹಾಕಿದೆ. ಕೊನೆಗೆ ಎಣಿಸಿದೆ. ನಂಬದೆ ಮತ್ತೆ ಎಣಿಸಿದೆ. ಎಪ್ಪತ್ತೊಂದು. ಮಗಳು ಕುಣಿದಾಡಿ, ಅಪ್ಪನ ಕುತ್ತಿಗೆಗೆ ಜೋತುಬಿದ್ದು, ಪಕ್ಕದ ಮನೆಗೆ ಹೇಳಲು ಓಡಿದಳು. ನಾನು ಚೀಟಿಯಲ್ಲಿ ಎಪ್ಪತ್ತೊಂದು ಎಂದು ಬರೆದೆ. ಸಹಿ ಹಾಕಲು ಹೋದರೆ ಕೈ ಏಳಲಿಲ್ಲ. ಚೀಟಿಯನ್ನು ಹಾಗೇ ಇವರ ಮುಂದಿಟ್ಟು, ಕೆಲಸವಿದೆ ಎಂದು ಮಷೀನಿನ ಮುಂದೆ ಕೂತು ತುಳಿಯತೊಡಗಿದೆ. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.

ಇವರು ಚೀಟಿ ಹಿಡಿದು ಬಂದು ಪಕ್ಕದಲ್ಲಿ ನಿಂತರು.

"ಇದರಲ್ಲಿ ಸಹಿ ಇಲ್ಲ."

ಆಮೇಲೆ ಹಾಕುತ್ತೇನೆ ಎಂದೆ. ಇವರು ಕದಲಲಿಲ್ಲ. ಹನ್ನೊಂದು ವರ್ಷ ಕಾಗದ ನೋಡಿದ ಮನುಷ್ಯ. ಎಣಿಸಿದವರು ಸಹಿ ಹಾಕದಿದ್ದರೆ ಏನೋ ಇದೆ ಅಂತ ಅರ್ಥ, ಏನು ಹೇಳು ಎಂದರು. ನಾನು ಮಷೀನು ನಿಲ್ಲಿಸಿದೆ. ಒಂಬತ್ತನೇ ಸೂಚನೆ ಎಂದೆ. ಅಷ್ಟೇ ಹೇಳಲು ಆದದ್ದು.

ಜೇಬಿನಿಂದ ಪ್ರವೇಶಪತ್ರ ತೆಗೆದು, ಹಿಂದೆ ತಿರುಗಿಸಿ, ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ನೆಲದಲ್ಲಿ ಕತ್ತರಿಸಿ ಹಾಕಿದ್ದ ತೋಳುಗಳ ನಡುವೆ ಹಾಗೇ ಕೂತುಬಿಟ್ಟರು. ನಾನೂ ಇಳಿದು ಪಕ್ಕದಲ್ಲಿ ಕೂತೆ. ಪೆನ್ಸಿಲ್ ಕೊಟ್ಟದ್ದು ನಾನು, ತಪ್ಪು ನನ್ನದು, ಬೈಯಿರಿ, ಹೊಡೆಯಿರಿ ಎಂದೆಲ್ಲ ಹೇಳಿದೆ. ಪಕ್ಕದ ಮನೆಯಿಂದ ಮಗಳ ನಗು ಕೇಳುತ್ತಿತ್ತು.

"ನಲವತ್ತೇಳನೇದಕ್ಕೆ ಸಿ ತಾನೇ ಉತ್ತರ?"

"ಹೌದು ರೀ, ಸಿ."

"ಹಾಗಾದ್ರೆ ನಾನು ತಿದ್ದಿದ್ದು ಸರಿಯಾಗೇ ಇತ್ತು."

ನಾನು ಹೂಂ ಎಂದೆ. ಇವರು ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಎಪ್ಪತ್ತೊಂದರ ಮೇಲೆ ಒಂದೇ ಒಂದು ಗೆರೆ ಎಳೆದರು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಅದರ ಮೇಲುಗಡೆ ಸೊನ್ನೆ ಎಂದು ಬರೆದರು. ಪಕ್ಕದಲ್ಲಿ ಕಿರುಸಹಿ ಹಾಕಿದರು.