ಅರ್ಧ ಕಿಲೋ ಹಿಂದಿನ ಮುಳ್ಳು

ಆ ಮೂರು ವಾರ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಒಂದು ಅಂಕಿಯಿಂದ. ಮೊಮ್ಮಗಳು ನಾಗಿಸಾ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಒಲೆದೇವರ ಮುಂದಿನ ನೀರು ಬದಲಾಯಿಸುತ್ತಾ ಅತ್ತಲೇ ಕಿವಿಗೊಟ್ಟಿರುತ್ತಿದ್ದೆ.

"ಓಬಾ, ಐವತ್ತೈದು ಎಂಟುನೂರು!"

"ಒಳ್ಳೇದಾಯ್ತು," ಎನ್ನುತ್ತಿದ್ದೆ. ತೂಕ ಇಳಿದದ್ದಕ್ಕೆ ಒಳ್ಳೇದಾಯ್ತು ಎನ್ನುವುದು ಒಕಿನಾವಾ ದ್ವೀಪದ ಯಾವ ಓಬಾಳ, ಯಾವ ಅಜ್ಜಿಯ ಬಾಯಿಗೂ ಒಗ್ಗುವ ಮಾತಲ್ಲ. ಹಾಗಲಕಾಯಿ ಮಾರುವವನಾಗಲಿ, ಮೀಟರ್ ಓದಲು ಬಂದವನಾಗಲಿ, ಹೊಸ್ತಿಲು ದಾಟಿದವರಿಗೆಲ್ಲ ನಾವು ಹೇಳುವುದು ಒಂದೇ: "ಕಮೆ, ಕಮೆ." ತಿನ್ನು, ತಿನ್ನು. ನನ್ನ ಮನೆಯಲ್ಲಿ ಆ ಮಾತು ನಿಂತುಹೋಗಿತ್ತು.

ನಾಗಿಸಾಗೆ ಇಪ್ಪತ್ತೆರಡು ವರ್ಷ. ಎದುರಾಳಿಯೊಂದಿಗೆ ಕಾದಾಡುವ ಕರಾಟೆ ಅವಳದು, ಐವತ್ತೈದು ಕಿಲೋ ವರ್ಗ. ರಾಷ್ಟ್ರೀಯ ತಂಡದ ಕೊನೆಯ ಆಯ್ಕೆ ಪಂದ್ಯ ಈ ನವೆಂಬರಿನಲ್ಲಿ ನಮ್ಮ ನಾಹಾ ನಗರದಲ್ಲೇ ನಿಗದಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಎರಡರಿಂದ ಮೂರರೊಳಗೆ ತೂಕ ಕೊಡಬೇಕು. ಐವತ್ತೈದರ ಮೇಲೆ ನೂರು ಗ್ರಾಂ ಇದ್ದರೂ ಅಂಗಳಕ್ಕೆ ಬಿಡುವುದಿಲ್ಲ.

"ಮೇಲಿನ ವರ್ಗಕ್ಕೆ ಹೋಗಬಾರದೇನೇ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿರೋರ ಕೈ ನನ್ನ ಕೈಗಿಂತ ನಾಲ್ಕು ಬೆರಳು ಉದ್ದ ಓಬಾ. ನಾನು ಹತ್ರ ಹೋಗೋಷ್ಟರಲ್ಲಿ ಅವರ ಮುಷ್ಟಿ ಬಂದು, ನಮಸ್ಕಾರ ಹೇಳಿ, ವಾಪಸ್ ಹೋಗಿರುತ್ತೆ."

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಆರೋಗ್ಯ ಕೊಠಡಿಯಲ್ಲಿ ಟೀಚರ್ ಆಗಿದ್ದವಳು. ಮಕ್ಕಳ ಎತ್ತರ ಅಳೆಯುವುದು, ತೂಕ ನೋಡುವುದು, ಮಂಡಿಗೆ ಔಷಧಿ ಹಚ್ಚುವುದು ನನ್ನ ಕೆಲಸ. ಮೈ ನೋಡಿ ಮನುಷ್ಯರನ್ನು ಓದುವ ಅಭ್ಯಾಸ ಇನ್ನೂ ಹೋಗಿಲ್ಲ. ನಾಗಿಸಾಳ ತೊಡೆ ನೋಡಲು ಅಂಥ ದಪ್ಪವೇನಲ್ಲ. ಮೀನಖಂಡ ಮಾತ್ರ ಒದ್ದೆ ಹಗ್ಗ ಹಿಂಡಿದಂತೆ ಬಿಗಿ, ಅದರ ಕೆಳಗೆ ಹಕ್ಕಿಯಂಥ ಸಣ್ಣ ಕಣಕಾಲು. ಊಟಕ್ಕೆ ಕೂತಾಗಲೂ ಅವಳ ಕಾಲ್ಬೆರಳುಗಳು ಚಾಪೆಯನ್ನು ಒತ್ತುತ್ತಲೇ ಇರುತ್ತವೆ. ಪಕ್ಕೆಯ ಕೆಳಗೆ, ಸೊಂಟದ ಮೇಲೆ, ಏಟಿನ ಬಲ ತಿರುಗುವ ಜಾಗಕ್ಕೆ ನಮ್ಮಲ್ಲಿ ಗಮಕು ಎನ್ನುತ್ತಾರೆ. ಅವಳ ಗಮಕು ಹುಟ್ಟಿನಿಂದ ಬಂದದ್ದು ಎಂದು ಅವಳ ಗುರು ಹೇಳುತ್ತಿದ್ದ.

ತರಬೇತಿ ಶಿಬಿರದವರು ಅವಳನ್ನು ಅಳೆದು ಕಾಗದ ಕೊಟ್ಟಿದ್ದರು. ಕೂತಾಗ ನಾಡಿ ನಿಮಿಷಕ್ಕೆ ನಲವತ್ತಾರು. ನಿಂತಲ್ಲಿಂದಲೇ ಹಾರಿದ ಎತ್ತರ, ದೀಪ ಹೊತ್ತಿದೊಡನೆ ಕಾಲು ಮಿಸುಕಿದ ವೇಗ, ಎರಡರಲ್ಲೂ ಅವಳೇ ಮೊದಲು. ಮೈಯ ಕೊಬ್ಬು ನೂರಕ್ಕೆ ಹದಿನಾಲ್ಕು. ಆ ಕಾಗದದಲ್ಲಿ ಇಲ್ಲದ್ದೊಂದು ನನಗೆ ಗೊತ್ತಿತ್ತು: ನಾಲ್ಕು ತಿಂಗಳಿಂದ ಅವಳಿಗೆ ಮುಟ್ಟಾಗಿರಲಿಲ್ಲ.

"ಆಯ್ಕೆ ಮುಗಿದ ಮಾರನೇ ದಿನ ಡಾಕ್ಟರ್ ಹತ್ರ ಹೋಗ್ತೀನಿ. ಒಲೆದೇವರ ಆಣೆ, ಓಬಾ. ಈಗ ಯಾರಿಗೂ ಹೇಳ್ಬೇಡ." ಹೇಳಲಿಲ್ಲ. ಹೇಳಬೇಕಿತ್ತೇನೋ.

ಅವಳ ಗುರು ಜುಕೆರಾನ್ ನನ್ನ ಶಾಲೆಯಲ್ಲೇ ಓದಿದವನು. ಈಗ ಐವತ್ತರ ಹತ್ತಿರ, ತಲೆ ಪೂರಾ ಬೋಳು. ನಾನು ಅಭ್ಯಾಸದ ಮನೆಗೆ ಹೋದಾಗಲೆಲ್ಲ ಅವನೇ ಕುರ್ಚಿ ತಂದು, ಮೆತ್ತೆ ಕೊಡವಿ ಹಾಕುತ್ತಾನೆ. ಅವನಿಗೆ ನಾನು ಇಂದಿಗೂ ಇರೇಯ್ ಟೀಚರ್, ಇರೇಯ್ ಸೆನ್ಸೇ.

"ಇರೇಯ್ ಸೆನ್ಸೇ, ಗುಟ್ಟಾಗಿ ಏನೂ ತಿನ್ನಿಸ್ಬೇಡಿ. ನಿಮ್ಮ ಕೈ ನನಗೆ ಗೊತ್ತಿಲ್ವಾ? ಶಾಲೇಲಿ ಹೊಟ್ಟೆನೋವು ಅಂತ ಬಂದೋರಿಗೂ ಬಿಸ್ಕತ್ತು ಕೊಟ್ಟೋರು ನೀವು."

"ಹೊಟ್ಟೆನೋವು ಅಂತ ದಿನಾ ಬರ್ತಿದ್ದೋನು ನೀನೊಬ್ಬನೇ," ಎಂದೆ. ಅಲ್ಲಿದ್ದ ಹುಡುಗಿಯರು ನಕ್ಕರು.

ಶಿಬಿರದಿಂದ ಹೊರಟ ದಿನ ಅಲ್ಲಿಯ ಯಂತ್ರದಲ್ಲಿ ಅವಳ ತೂಕ ಐವತ್ತಾರು ಎಂಟುನೂರು. ಮರುದಿನ ನಮ್ಮ ಮನೆಯಲ್ಲಿ ಐವತ್ತಾರು ಮುನ್ನೂರು. ಒಂದೇ ರಾತ್ರಿಗೆ ಅರ್ಧ ಕಿಲೋ ಇಳಿದಿದೆ ಎಂದು ಅವಳು ಕುಣಿದಳು. ನಾನೂ ಕೈತಟ್ಟಿದೆ. ಅಂದಿನಿಂದ ಅವಳು ನಂಬಿದ್ದು ಮನೆಯ ಯಂತ್ರವೊಂದನ್ನೇ. ನಾನು ನಿವೃತ್ತಳಾದ ವರ್ಷ ಶಾಲೆಗೆ ಹೊಸದು ಬಂದಿತ್ತು. ಹಳೆಯದನ್ನು, ಆ ಭಾರದ ಕಬ್ಬಿಣದ ಯಂತ್ರವನ್ನು, ಕೆಂಪು ರಿಬ್ಬನ್ ಕಟ್ಟಿ ನನಗೆ ಕಾಣಿಕೆಯಾಗಿ ಕೊಟ್ಟಿದ್ದರು.

ತೂಕದ ದಿನ ಬೆಳಗ್ಗೆ ಅವಳು ಕೂಗಿದಳು: "ಐವತ್ನಾಲ್ಕು ಒಂಬೈನೂರು!"

ನಾನು ಅನ್ನಕ್ಕೆ ಹಂದಿಮಾಂಸ, ಅಣಬೆ ಹಾಕಿ ಬೇಯಿಸಿ ಆರು ಉಂಡೆ ಕಟ್ಟಿಟ್ಟುಕೊಂಡೆ. ತೂಕ ಮುಗಿದ ಮರುಕ್ಷಣ ತಿನ್ನಿಸಬೇಕು. ಮೂರು ವಾರದ "ಕಮೆ, ಕಮೆ" ನನ್ನ ಗಂಟಲಲ್ಲೇ ಕೂತಿತ್ತು.

ಆಟದ ಪ್ರಾಂಗಣದಲ್ಲಿ, ಅಧಿಕೃತ ತೂಕಕ್ಕೆ ಮೊದಲು ನೋಡಿಕೊಳ್ಳಲು ಒಂದು ಯಂತ್ರ ಇಟ್ಟಿದ್ದರು. ಎರಡು ಗಂಟೆ ಐದು ನಿಮಿಷಕ್ಕೆ ನಾಗಿಸಾ ತೆಳು ಒಳಬಟ್ಟೆಯಲ್ಲಿ ಅದರ ಮೇಲೆ ನಿಂತಳು. ಐವತ್ತೈದು ನಾನೂರು.

"ಇದು ಕೆಟ್ಟಿದೆ," ಎಂದಳು. ಪಕ್ಕದ್ದರ ಮೇಲೆ ನಿಂತಳು. ಐವತ್ತೈದು ನಾನೂರು.

ಆ ಹೊತ್ತಿಗೆ ಮೇಜಿನ ಹಿಂದಿದ್ದ ಅಧಿಕಾರಿಣಿ ಇನ್ನೊಬ್ಬ ಹುಡುಗಿಗೆ ಹೇಳಿದರು: "ಜಾಕೆಟ್ ತೆಗೀಮ್ಮ. ನಾವು ಬಟ್ಟೆ ತೂಕ ಕಳೆಯಲ್ಲ."

ನನಗೆ ಮನೆಯ ಯಂತ್ರ ನೆನಪಾಯಿತು.

ಆಗ ನನ್ನ ಶಾಲೆಯಲ್ಲಿ, ಮಕ್ಕಳ ತೂಕ ನೋಡುವ ದಿನ ಅಂಗಿ ಬಿಚ್ಚಲಾರದೆ ಅಳುತ್ತಿದ್ದ ಒಬ್ಬ ದಪ್ಪ ಹುಡುಗನಿದ್ದ. ಉಳಿದವರು ಅವನ ಹೊಟ್ಟೆ ನೋಡಿ ನಗುತ್ತಿದ್ದರು. ಒಂದು ವರ್ಷ ನಾನು ಯಂತ್ರದ ಹಿಂದಿನ ಗುಂಡಿ ತಿರುಗಿಸಿ ಮುಳ್ಳನ್ನು ಸೊನ್ನೆಗಿಂತ ಅರ್ಧ ಕಿಲೋ ಹಿಂದಕ್ಕೆ ತಂದು, "ಈ ಸಲದಿಂದ ಎಲ್ಲರೂ ಆಟದ ಬಟ್ಟೆಯಲ್ಲೇ ನಿಲ್ಲಿ, ಬಟ್ಟೆ ತೂಕ ಯಂತ್ರವೇ ಕಳೆಯುತ್ತೆ," ಎಂದೆ. ಆಮೇಲೆ ಅದನ್ನು ಸರಿಪಡಿಸಲೇ ಇಲ್ಲ. ಬರಿದಾಗಿರುವಾಗ ಮುಳ್ಳು ಲೋಹದ ಅಂಚಿನ ಕೆಳಗೆ ಅವಿತಿರುತ್ತದೆ, ಕಾಣುವುದಿಲ್ಲ. ಆ ಹುಡುಗ ಜುಕೆರಾನ್.

ಹೇಳಲು ಬಾಯಿ ತೆರೆದೆ. ನಾಗಿಸಾ ಆಗಲೇ ಬೆವರಿಳಿಸಲು ಮಳೆಕೋಟು ಹಾಕಿಕೊಂಡು ಮೆಟ್ಟಿಲ ಕಡೆಗೆ ಓಡಿದ್ದಳು.

ಐವತ್ತು ನಿಮಿಷ. ಅವಳು ಮೆಟ್ಟಿಲು ಹತ್ತಿ ಇಳಿದಳು, ಹತ್ತಿ ಇಳಿದಳು. ಎರಡು ದಿನದಿಂದ ನೀರು ಕುಡಿಯದ ಮೈ. ಹಣೆಯಲ್ಲಿ ಹನಿಯೂ ಮೂಡಲಿಲ್ಲ. ಜುಕೆರಾನ್ ಗಡಿಯಾರ ಹಿಡಿದು ಕೂಗುತ್ತಿದ್ದ. ನನ್ನ ಚೀಲದಲ್ಲಿ ಕತ್ತರಿಯಿತ್ತು, ಆದರೆ ಅವಳ ಕೂದಲು ಮೊದಲೇ ಗಂಡುಹುಡುಗರಷ್ಟು ಗಿಡ್ಡ. ನಾನು ಅವಳ ಉಗುರು ಕತ್ತರಿಸಿದೆ. ಹತ್ತು ಉಗುರಿನ ತುಣುಕು ನನ್ನ ಅಂಗೈಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಹಗುರವಾಗಿತ್ತು.

ಮರುದಿನ ಇವಳೊಂದಿಗೆ ಕಾದಾಡಬೇಕಿದ್ದ ಒಸಾಕಾದ ಹುಡುಗಿ ತೂಕ ಮುಗಿಸಿ ಬಾಳೆಹಣ್ಣು ತಿನ್ನುತ್ತಾ ಬಂದಳು. ಇವಳನ್ನು ನೋಡಿದವಳೇ ಹಣ್ಣನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಆಮೇಲೆ ತನ್ನ ದಪ್ಪ ಜಾಕೆಟ್ ಬಿಚ್ಚಿ, ಬೆವರಲಿ ಎಂದು ಇವಳ ಹೆಗಲಿಗೆ ಹೊದಿಸಿ ಹೋದಳು.

ಮೂರು ಗಂಟೆಗೆ ಎರಡು ನಿಮಿಷವಿದ್ದಾಗ ನಾಗಿಸಾ ಕೊನೆಯ ಸಲ ನಿಂತಳು. ಐವತ್ತೈದು ನೂರು.

ಅಧಿಕಾರಿಣಿ ಮೇಜಿನ ಕಾಗದಗಳನ್ನು ಜೋಡಿಸಿದರು. ಜೋಡಿಸಿದ್ದನ್ನೇ ಬಿಡಿಸಿ ಮತ್ತೆ ಜೋಡಿಸಿದರು. "ಒಂದು ಸಲ ಉಸಿರು ಬಿಟ್ಟು ನಿಂತು ನೋಡಮ್ಮ," ಎಂದರು. ಐವತ್ತೈದು ನೂರು. ಮೂರು ಗಂಟೆಯಾಯಿತು.

ಜುಕೆರಾನ್ ಅವಳನ್ನು ಗೋಡೆಯ ಬಳಿಗೆ ಕರೆದ. "ಬೆಳಗ್ಗೆ ಐವತ್ನಾಲ್ಕು ಒಂಬೈನೂರು ಅಂತ ಫೋನ್ ಮಾಡಿದ್ಯಲ್ಲ? ನಿಜ ಹೇಳು. ಏನು ತಿಂದೆ?"

"ಅವಳು ಏನೂ ತಿಂದಿಲ್ಲ," ಎಂದೆ. "ತಪ್ಪು ನನ್ನದು. ನಮ್ಮ ಮನೆ ಯಂತ್ರದ ಮುಳ್ಳು ಅರ್ಧ ಕಿಲೋ ಹಿಂದಿದೆ. ಶಾಲೇಲಿ ನಾನೇ ತಿರುಗಿಸಿದ್ದು. ಅವತ್ತು ನೀನು..."

ಆಗ ನಾಗಿಸಾ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು, ಅದನ್ನು ನಾನು ಕಂಡೆ. ಒಣಗಿದ ತುಟಿ ನೆಕ್ಕಿಕೊಂಡು ಗುರುವಿನ ಕಡೆಗೆ ತಿರುಗಿ ತಲೆ ಬಾಗಿಸಿದಳು.

"ಇಲ್ಲ ಸೆನ್ಸೇ. ನಾನೇ ತಿಂದೆ. ಮಧ್ಯಾಹ್ನ ಹಸಿವು ತಡೀಲಿಲ್ಲ. ಎರಡು ಉಂಡೆ."

"ಸುಳ್ಳು! ಎಣಿಸಿ ನೋಡು, ಆರೂ ಇದೆ!" ನಾನು ಡಬ್ಬಿ ತೆರೆದು ಹಿಡಿದೆ. ಮುಚ್ಚಳ ಕೈಜಾರಿ ಬಿತ್ತು.

ಜುಕೆರಾನ್ ಉಂಡೆ ಎಣಿಸದೆ, ಬಗ್ಗಿ ಮುಚ್ಚಳ ಎತ್ತಿದ, ಅಂಗಿಗೆ ಒರೆಸಿ ಡಬ್ಬಿಗೆ ಹಾಕಿದ. ಅವನ ದನಿ ಮೆತ್ತಗಾಗಿತ್ತು. ಬೈದಿದ್ದರೇ ಚೆನ್ನಾಗಿತ್ತು.

"ಸೆನ್ಸೇ, ನೀವು ಆಗಲೂ ಹೀಗೇ. ನಾನು ಪರದೆ ಮೇಲೆ ಔಷಧಿ ಚೆಲ್ಲಿದಾಗ ಹೆಡ್‌ಮಾಸ್ಟರ್ ಹತ್ರ ನೀವೇ ಚೆಲ್ಲಿದ್ದು ಅಂದ್ರಿ. ಸಾಕು. ಮನೆಗೆ ಕರ್ಕೊಂಡು ಹೋಗಿ."

"ಇದು ಹಾಗಲ್ಲಪ್ಪ..."

"ಗೊತ್ತು ಸೆನ್ಸೇ, ಗೊತ್ತು," ಎಂದು ನನ್ನ ಹೆಗಲು ತಟ್ಟಿದ. ಅವಳನ್ನು ಮಾತ್ರ ನೋಡದೆ ಹೋದ.

ಹೊರಗೆ ಬೆಂಚಿನ ಮೇಲೆ ಕೂತೆವು. ನಾಗಿಸಾ ನೀರು ಕುಡಿದು ಒಂದು ಉಂಡೆ ಮುರಿದಳು. ಅಗಿದಳು, ನುಂಗಲಾಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಕೂತಳು.

"ಯಾಕೆ ಹಾಗಂದೆ?"

"ಅವರ ಹತ್ರ ಬೈಸಿಕೊಂಡು ನನಗೆ ಅಭ್ಯಾಸ ಇದೆ ಓಬಾ. ನಿನಗಿಲ್ಲ."

"ನಾಳೆ ಅವನನ್ನ ಮನೆಗೆ ಕರೆಸ್ತೀನಿ. ಯಂತ್ರ ತೋರಿಸ್ತೀನಿ."

"ತೋರಿಸಿ? ನಾಳೆ ಪಂದ್ಯ ಬೇರೆಯೋರದು." ಉಳಿದರ್ಧ ಉಂಡೆಯನ್ನು ನನ್ನ ಕೈಗೆ ಕೊಟ್ಟಳು. "ನೀನೂ ಬೆಳಗ್ಗಿಂದ ತಿಂದಿಲ್ಲ. ಕಮೆ, ಕಮೆ." ನಗಲು ನೋಡಿದಳು.

ಸಂಜೆ ಒಸಾಕಾದ ಹುಡುಗಿಯ ಜಾಕೆಟ್ಟನ್ನು ಒಗೆದು ಹಿತ್ತಿಲ ತಂತಿಗೆ ಹಾಕಿದೆ. ಯಂತ್ರ ಮಗುಚಿ ಗುಂಡಿ ತಿರುಗಿಸಲು ನೋಡಿದೆ. ಕಡಲ ಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಬಟ್ಟೆ ಸುತ್ತಿ ಹಿಂಡಿದೆ. ಕೂದಲೆಳೆಯಷ್ಟೂ ಮಿಸುಕಲಿಲ್ಲ.

ಮರುದಿನ ತೂಕ ಕೊಡುವುದೇನೂ ಇರಲಿಲ್ಲ; ಆದರೂ ಬೆಳಗ್ಗೆ ಆರಕ್ಕೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಕಬ್ಬಿಣದ ಹಲಗೆ ಎಂದಿನಂತೆ ಕಿರ್ರೆಂದಿತು. ನಾನು ಒಲೆದೇವರ ನೀರಿನ ಬಟ್ಟಲು ಹಿಡಿದು ಕಾದು ನಿಂತೆ. ಅವಳು ಅಂಕಿ ಹೇಳಲಿಲ್ಲ. ಬಹಳ ಹೊತ್ತು ಅದರ ಮೇಲಿಂದ ಇಳಿದ ಸದ್ದೂ ಕೇಳಲಿಲ್ಲ.